ಹದಿನೈದು ಪಾಯಿಂಟ್ ಏಳು

ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತುವ ಹೊತ್ತಿಗೆ ವೇಣುಗೋಪಾಲ್ ಮೊಬೈಲನ್ನು ಏಳು ಸಲ ತೆಗೆದು ನೋಡಿದ್ದ. ಏಳು ಎಂದು ತಾನು ಲೆಕ್ಕ ಇಟ್ಟಿದ್ದೇನೆ ಎಂಬುದು ಹೊಳೆದಾಗ ನಾಚಿಕೆಯಾಯಿತು. ಮಾರಿಕುಪ್ಪಂನಿಂದಲೇ ಕೂತು ಬಂದವರ ನಡುವೆ ಅರ್ಧ ಸೀಟು ಸಿಕ್ಕಿತು. ಮೊಬೈಲನ್ನು ಅಂಗಿಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ಬದಲಿಸಿ, ಇನ್ನು ಬಂಗಾರಪೇಟೆಯವರೆಗೆ ಮುಟ್ಟುವುದಿಲ್ಲ ಎಂದುಕೊಂಡ. ಕೋರಮಂಡಲ್ ದಾಟುವಷ್ಟರಲ್ಲಿ ಎಂಟನೆಯ ಸಲ ನೋಡಿದ. ಏನೂ ಬಂದಿರಲಿಲ್ಲ. ಬರಲಿಲ್ಲವೆಂಬುದು ಸಮಾಧಾನವೋ ಸಂಕಟವೋ ತಿಳಿಯಲಿಲ್ಲ. ಎರಡೂ ಪಕ್ಕೆಲುಬಿನ ಕೆಳಗೆ, ಸ್ವಲ್ಪ ಎಡಕ್ಕೆ, ಒಂದೇ ಜಾಗದಲ್ಲಿ ಕೂತಿದ್ದವು. ಎದುರಿನ ಸೀಟಿನ ಹೆಂಗಸು ತನ್ನ ಚೀಲವನ್ನು ಕಾಲಿನ ನಡುವೆ ಸರಿಸಿಕೊಂಡು ಅವನನ್ನು ನೋಡಿದಳು. ಅವಳು ನೋಡಿದ್ದು ಕಿಟಕಿಯಾಚೆ ಚಿನ್ನದ ಗಣಿಯವರು ಸುರಿದುಹೋದ ಸಯನೈಡ್ ಮಣ್ಣಿನ ದಿಬ್ಬವನ್ನೋ ಏನೋ. ಆದರೂ ಅವನು ಮುಖವನ್ನು ಸರಿಮಾಡಿಕೊಂಡ.

ಕಳೆದ ಗುರುವಾರ ಬೆಳಿಗ್ಗೆ, ಹೆಂಡತಿ ಶ್ಯಾಮಲ ಹಾಲು ತರಲು ಹೋಗಿದ್ದಾಗ, ಅವನು ದೆಹಲಿಯ ಸ್ಪರ್ಧಾ ಆಯೋಗಕ್ಕೆ, ವ್ಯಾಪಾರದ ಒಳಒಪ್ಪಂದಗಳನ್ನು ವಿಚಾರಿಸುವ ಕಚೇರಿಗೆ, ಒಂದು ಇಮೇಲ್ ಕಳಿಸಿದ್ದ. ತಾನೂ ಇನ್ನು ನಾಲ್ಕು ವರ್ಕ್‌ಶಾಪಿನವರೂ ಹನ್ನೊಂದು ವರ್ಷದಿಂದ ಸರ್ಕಾರಿ ಕಾರ್ಖಾನೆಯ ಟೆಂಡರುಗಳನ್ನು ಮೊದಲೇ ಮಾತಾಡಿಕೊಂಡು, ಈ ಸಲ ಯಾರದು ಎಂದು ಗೊತ್ತುಮಾಡಿಕೊಂಡು, ಉಳಿದವರು ಬೇಕೆಂದೇ ಹೆಚ್ಚಿನ ದರ ಹಾಕಿ ತುಂಬುತ್ತಿದ್ದೆವು ಎಂದು ಒಪ್ಪಿಕೊಂಡಿದ್ದ. ಹೆಸರು, ತಾರೀಖು, ಹಾಳೆಗಳು ಎಲ್ಲವನ್ನೂ ಕ್ರಮವಾಗಿ ಜೋಡಿಸಿದ್ದ. ಹಾಗೆ ಮೊದಲು ಬಂದು ಹೇಳಿದವನಿಗೆ ದಂಡವನ್ನು ಪೂರ್ತಿಯಾಗಿ ಬಿಡಬಹುದು, ಎರಡನೆಯವನಿಗೆ ಅರ್ಧದವರೆಗೆ, ಮೂರನೆಯವನಿಗೆ ಇನ್ನೂ ಕಡಿಮೆ, ಆಮೇಲೆ ಬಂದವರಿಗೆ ಎಷ್ಟೆಂಬ ಭರವಸೆಯಿಲ್ಲ ಎಂದು ನಿಯಮದಲ್ಲಿ ಇತ್ತು. ಅವನು ಆ ನಿಯಮವನ್ನು ಮೂರು ದಿನ ಓದಿದ. ಮೊದಲ ದಿನ ಅರ್ಥವಾಗಲು ಓದಿದ. ಎರಡನೆಯ ದಿನ ಅರ್ಥವಾಗದೆ ಇರಲಿ ಎಂದು ಓದಿದ. ಮೂರನೆಯ ದಿನ, ತಾನು ಓದುತ್ತಿರುವ ಈ ಹೊತ್ತಿನಲ್ಲೇ ಆ ನಾಲ್ವರಲ್ಲಿ ಯಾರಾದರೂ ಓದುತ್ತಿರಬಹುದು ಎನ್ನಿಸಿ ಮೈ ಬಿಸಿಯಾಯಿತು. ಇಲ್ಲ, ಅವರು ಇಂಥದನ್ನೆಲ್ಲ ಓದುವವರಲ್ಲ, ಓದಿಸಿಕೊಳ್ಳುವುದಕ್ಕೂ ನನ್ನ ಹತ್ತಿರವೇ ಬರುವವರು, ಎಂದುಕೊಂಡಾಗ ಸಮಾಧಾನವಾಗಬೇಕಿತ್ತು. ಬದಲಿಗೆ ಕಳಿಸುವ ಗುಂಡಿಯನ್ನು ಒತ್ತಿದ. ಈಗ ಆ ನಾಲ್ವರು ಕರೆದ ಮೀಟಿಂಗಿಗೆ ಹೋಗುತ್ತಿದ್ದಾನೆ. ತನಗೆ ಎಷ್ಟನೆಯ ಸ್ಥಾನ ಎಂದು ದೆಹಲಿಯಿಂದ ಇನ್ನೂ ಉತ್ತರ ಬಂದಿಲ್ಲ.

ಇದಕ್ಕೆಲ್ಲ ಮೊದಲು ಆಯೋಗದ ಕಾಗದ ಬಂದದ್ದು ಅವನ ತಪ್ಪಿನಿಂದ. ಅದು ಅವನೊಬ್ಬನಿಗೇ ಗೊತ್ತು. ಐದು ಶಾಪಿಗೂ ಒಂದೇ ದಿನ ಬಂದ, ಒಂದೇ ಬಗೆಯ ಕಂದು ಲಕೋಟೆ. ಒಳಗೆ ಒಂದು ಪಟ್ಟಿ. ಬೀಡು ಕಬ್ಬಿಣದ ಒಂದು ಮುಚ್ಚಳಕ್ಕೆ ಆರು ಜನ ಟೆಂಡರ್ ಹಾಕಿದ್ದರು, ಒಂದರ ತೂಕ ಎಷ್ಟು ಎಂಬ ಕಾಲಮ್ಮಿನಲ್ಲಿ ಐದು ಜನ 15.7 ಎಂದು ಬರೆದಿದ್ದರು, ಹೊರಗಿನವನಾದ ಆರನೆಯವನು 14.4 ಎಂದು ಬರೆದಿದ್ದ. ನಕ್ಷೆಯ ಪ್ರಕಾರ ತೂಕ 14.4 ಕಿಲೊ ಆಗಬೇಕಿದ್ದು, ಪರಸ್ಪರ ಸಂಪರ್ಕವಿಲ್ಲದ ಐದು ಸಂಸ್ಥೆಗಳು ಒಂದೇ ತಪ್ಪು ಸಂಖ್ಯೆಗೆ ಹೇಗೆ ಬಂದವು ಎಂದು ವಿವರಿಸಿ, ಎಂದು ಕಾಗದ ಕೇಳಿತ್ತು. ವೇಣುಗೋಪಾಲ್ ಒಂದೇ ನೋಟಕ್ಕೆ ಕಂಡುಕೊಂಡ. ಎರಡು ಲೀಟರ್ ಗಾತ್ರ. ಬೀಡಿನ ಸಾಂದ್ರತೆ 7.2 ಹಾಕುವಲ್ಲಿ ಉಕ್ಕಿನ 7.85 ಹಾಕಿದ್ದಾನೆ. ಅದನ್ನೇ ಐದು ಹಾಳೆಗೆ ಇಳಿಸಿದ್ದಾನೆ. ದರವನ್ನು ಮಾತ್ರ ಒಂದೊಂದಕ್ಕೂ ಬೇರೆ ಮಾಡಿದ್ದಾನೆ, ಅದೂ ಎಷ್ಟು ಚೆನ್ನಾಗಿ, ಒಂದರಲ್ಲಿ ಸಾಗಣೆ ಹೆಚ್ಚು, ಒಂದರಲ್ಲಿ ಕೂಲಿ ಹೆಚ್ಚು, ಐದು ಬೇರೆ ಬೇರೆ ಮನುಷ್ಯರು ಐದು ಬೇರೆ ಬೇರೆ ಚಿಂತೆಗಳಿಂದ ಬರೆದಂತೆ. ಬಿಎಸ್ಸಿಯ ಎರಡನೆಯ ವರ್ಷದಲ್ಲಿ ಭೌತಶಾಸ್ತ್ರದ ಮೇಷ್ಟರು ಅವನ ಪ್ರಯೋಗದ ಪುಸ್ತಕವನ್ನು ಇಡೀ ತರಗತಿಗೆ ಎತ್ತಿ ತೋರಿಸಿದ್ದರು. ಉತ್ತರದ ಪಕ್ಕದಲ್ಲಿ ಅದರ ದೋಷ ಎಷ್ಟಿರಬಹುದು ಎಂದು ಬರೆದವನು ಅವನೊಬ್ಬನೇ. ಟೆಂಡರ್ ಫಾರಮ್ಮಿನಲ್ಲಿ ದೋಷಕ್ಕೆ ಕಾಲಮ್ ಇರಲಿಲ್ಲ. ಇದ್ದಿದ್ದರೆ ಅಲ್ಲಿಯೂ ಐದಕ್ಕೂ ಒಂದೇ ಬರೆಯುತ್ತಿದ್ದೆನೇನೋ ಎಂದುಕೊಂಡು, ನಗು ಬಂದಂತಾಗಿ, ಎದುರಿನ ಹೆಂಗಸು ಮತ್ತೆ ನೋಡಿದ್ದರಿಂದ ಕೆಮ್ಮಿದ.

ತಪ್ಪು ಯಾವುದು ಎಂಬಲ್ಲೇ ಅವನಿಗೆ ಗೊಂದಲ. ಹನ್ನೆರಡು ವರ್ಷದ ಹಿಂದೆ, ಈ ಸರದಿಯೆಲ್ಲ ಶುರುವಾಗುವ ಮುಂಚೆ, ರಾಬರ್ಟ್‌ಸನ್‌ಪೇಟೆಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಆ ನಾಲ್ವರಲ್ಲಿ ಒಬ್ಬನಾದ ಸುಬ್ರಮಣಿ ಯಾರ ಹತ್ತಿರವೋ ತನ್ನ ಟೆಂಡರ್ ದರ ಹೇಳಿಕೊಂಡಿದ್ದು ವೇಣುಗೋಪಾಲನ ಕಿವಿಗೆ ಬಿದ್ದಿತ್ತು. ಅವನು ಅದಕ್ಕಿಂತ ಎರಡೇ ರೂಪಾಯಿ ಕಡಿಮೆ ಹಾಕಿ ಆರ್ಡರ್ ತೆಗೆದುಕೊಂಡ. ಆ ವರ್ಷ ಐವರೂ ಹಾಗೆಯೇ ಒಬ್ಬರ ಕೆಳಗೊಬ್ಬರು ಇಳಿಯುತ್ತ ಹೋದರು. ಸುಬ್ರಮಣಿ ತನ್ನ ಡ್ರಿಲ್ಲಿಂಗ್ ಮಿಷನ್ನನ್ನು ಮಾರಿದ. ಕೊಂಡವನು ವೇಣುಗೋಪಾಲನೇ. ಅದು ಇವತ್ತಿಗೂ ಶಾಪಿನ ಮೂಲೆಯಲ್ಲಿದೆ, ಅದರ ಹಿಡಿಕೆಗೆ ಸುಬ್ರಮಣಿ ಸುತ್ತಿದ ಸೈಕಲ್ ಟ್ಯೂಬು ಸಹಿತ. ಮಿಷನ್ ಗಾಡಿಗೆ ಏರಿಸುವಾಗ ಸುಬ್ರಮಣಿ ತಾನೂ ಹೆಗಲು ಕೊಟ್ಟು, ‘ಮೆಲ್ಲಗೆ ಅಣ್ಣಾ, ಅದಕ್ಕೆ ಈ ಕಡೆ ಸ್ವಲ್ಪ ಆಟ ಇದೆ, ಬಿಗಿ ಮಾಡ್ಬೇಡಿ, ಮುರಿದೋಗುತ್ತೆ’ ಎಂದಿದ್ದ. ವೇಣುಗೋಪಾಲ್ ವಾರಗಟ್ಟಲೆ ಆ ಮಿಷನ್ನಿನ ಹತ್ತಿರ ನಿಲ್ಲಲಾರದೆ ಹೋಗಿದ್ದ. ಆದರೆ ಈ ಕಾಯ್ದೆಯನ್ನು ಓದಿದ ಮೇಲೆ ಗೊತ್ತಾದದ್ದು, ಅವನು ಆವತ್ತು ಮಾಡಿದ್ದೇ ಸರಿ. ಅದು ಸ್ಪರ್ಧೆ. ತಪ್ಪು ನಡೆದದ್ದು ಅದರ ಮಾರನೆಯ ವರ್ಷ, ಐವರಲ್ಲೇ ಒಬ್ಬನಾದ ದೊಡ್ಡವೆಂಕಟಪ್ಪ ಎಲ್ಲರನ್ನೂ ಬಂಗಾರಪೇಟೆಯ ಅಕ್ಕಯ್ಯಮ್ಮನ ಎರಕದ ಫೌಂಡ್ರಿಯಲ್ಲಿ ಕೂರಿಸಿ, ‘ಸಾಕು ಬಿಡ್ರಪ್ಪಾ, ಇಂಗೆ ಒಬ್ರನ್ನೊಬ್ರು ತಿಂದ್ಕೊಂಡ್ರೆ ಕಡೇಗ್ ಉಳಿಯೋನು ಯಾರನ್ನ ತಿಂತಾನೆ?’ ಎಂದ ದಿನ.

ದೊಡ್ಡವೆಂಕಟಪ್ಪನ ಅಪ್ಪ ಅವರ ಊರಿನ ಕೆರೆಗೆ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ಎತ್ತಿ ಇಳಿಸುವ ಕೆಲಸ. ‘ನಮ್ಮಪ್ಪ ತೂಬಿನ ಮೇಲೆ ಕುಂತ್ಕಂಡು ಯಾರು ಜಾಸ್ತಿ ಕೊಡ್ತಾರೆ ಅಂತ ಕೇಳ್ತಿರ್ಲಿಲ್ಲ ಕಣ್ಲಾ, ಯಾರ್ದು ಒಣಗ್ತಾ ಐತೆ ಅಂತ ನೋಡ್ತಿದ್ದ,’ ಎಂದು ದೊಡ್ಡವೆಂಕಟಪ್ಪ ಹೇಳಿದ್ದ. ಆ ದಿನದಿಂದ ಟೆಂಡರ್ ಸರದಿಯ ಮೇಲೆ ನಡೆಯಿತು. ಯಾರ ಮನೆಯಲ್ಲಿ ಮದುವೆ, ಯಾರಿಗೆ ಆಪರೇಷನ್, ಯಾರ ಲೇತ್ ಎರಡು ತಿಂಗಳಿಂದ ನಿಂತಿದೆ ಎಂದು ನೋಡಿ ಸರದಿ ಹಿಂದೆ ಮುಂದೆ ಆಗುತ್ತಿತ್ತು. ಬಿಎಸ್ಸಿ ಓದಿದವನು, ಕಂಪ್ಯೂಟರ್ ಬರುವವನು ಎಂದು ಐದೂ ಟೆಂಡರುಗಳನ್ನು ತುಂಬುವ ಕೆಲಸ ವೇಣುಗೋಪಾಲನದಾಯಿತು. ಎಲ್ಲರೂ ಅವನನ್ನು ನಮ್ಮ ನೀರುಗಂಟಿ ಎಂದು ಕರೆಯತೊಡಗಿದರು. ಆ ಹೆಸರು ಅವನಿಗೆ ಇಷ್ಟವಾಗಿತ್ತು. ಜೀವನದಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದ್ದರೆ ಅವನು ಇದನ್ನೇ ಹೇಳುತ್ತಿದ್ದ. ಇಮೇಲಿನಲ್ಲಿ ಇದನ್ನೇ ಅಪರಾಧವೆಂದು, ಕ್ರಮಸಂಖ್ಯೆ ಹಾಕಿ, ಬರೆದ. ಕಾರ್ಖಾನೆ ಕೊಟ್ಟ ಹೆಚ್ಚಿನ ದರ ಯಾರದು? ಸರ್ಕಾರದ್ದು. ಸರ್ಕಾರದ್ದು ಎಂದರೆ ಯಾರದು? ಈ ರೈಲಿನಲ್ಲಿ ಕೂತವರದೂ ಇರಬೇಕು. ಆರನೆಯವನು, ಹದಿನಾಲ್ಕು ಪಾಯಿಂಟ್ ನಾಲ್ಕು ಎಂದು ಸರಿಯಾಗಿ ಬರೆದವನು, ಅವನ ಮನೆಯಲ್ಲೂ ಮದುವೆ ಇದ್ದಿರಬಹುದು. ಅವನ ಸರದಿಯನ್ನು ತಾವು ಯಾವತ್ತೂ ನೋಡಲಿಲ್ಲ. ಇದು ಮೊದಲ ಬಾರಿಗೆ ಹೊಳೆದಾಗ ಅವನಿಗೆ ಕಾಯ್ದೆಯ ಮೇಲೆ ಗೌರವ ಬಂತು. ಮರುಕ್ಷಣವೇ, ಇದೇ ಕಾಯ್ದೆಯಲ್ಲವೇ ಮೊದಲು ಓಡಿ ಬಂದವನಿಗೆ ಬಹುಮಾನ ಎಂದು ನಮ್ಮ ನಡುವೆ ಹೊಸ ಟೆಂಡರ್ ಕರೆದದ್ದು ಎಂದು ಸಿಟ್ಟು ಬಂತು. ಗೌರವ ಮತ್ತು ಸಿಟ್ಟು ಕಲಸಿಹೋಗಿ, ಬಂಗಾರಪೇಟೆಯಲ್ಲಿ ಇಳಿದಾಗ ಯಾವ ಕಡೆಯ ಮೆಟ್ಟಿಲು ಹತ್ತಬೇಕು ಎಂದು ಒಂದು ಗಳಿಗೆ ನಿಂತ. ಮೂವತ್ತು ವರ್ಷದಿಂದ ಇಳಿಯುವ ಸ್ಟೇಷನ್ನು.

ಅಕ್ಕಯ್ಯಮ್ಮನ ಫೌಂಡ್ರಿಯಲ್ಲಿ ಎಂದಿನಂತೆ ಅಚ್ಚಿನ ಮರಳಿಗೆ ಬೆರೆಸುವ ಕಾಕಂಬಿಯ ಸಿಹಿ ಹುಳಿ ವಾಸನೆ. ಇವತ್ತು ಕುಲುಮೆ ಹೊತ್ತಿಸಿರಲಿಲ್ಲ. ಆಳುಗಳಿಗೆ ರಜ ಕೊಟ್ಟಿದ್ದಳು. ಐವರಲ್ಲಿ ಅವಳೊಬ್ಬಳೇ ಹೆಂಗಸು, ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಫೌಂಡ್ರಿಯನ್ನು ತಾನೇ ನಡೆಸುತ್ತಿರುವವಳು. ಐವತ್ತೆಂಟೋ ಅರವತ್ತೋ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಶಾಖ ಹೇಳುವವಳು.

‘ಬಾಪ್ಪ ವೇಣು. ಇದ್ಯಾಕಿಂಗೆ ಒಣಗೋಗಿದೀಯ? ಶ್ಯಾಮಲ ಅನ್ನ ಆಕ್ತಿಲ್ವಾ?’ ಎಂದವಳೇ ಮೂಲೆಯಿಂದ ಒಂದು ಗಂಟು ತಂದು ಅವನ ಕೈಗಿಟ್ಟಳು. ‘ಇಕೋ, ಉಣ್ಸೆಣ್ಣು. ಅವಳು ಫೋನ್ ಮಾಡಿದ್ಲು. ಬೀಜ ತೆಗ್ದಿದೀನಿ.’

ಅವನು ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಎಲ್ಲಿಡುವುದು ತೋಚಲಿಲ್ಲ.

‘ಬಂದ್ರಪ್ಪ ನಮ್ಮ ನೀರುಗಂಟಿ,’ ಎಂದ ದೊಡ್ಡವೆಂಕಟಪ್ಪ. ‘ಕುಂತ್ಕೊಳ್ಲಾ. ಕೈಯಾಗೆ ಮಗು ಎತ್ಕೊಂಡೋನಂಗೆ ನಿಂತವ್ನೆ.’

ಮುನೇಶ್ ನಕ್ಕ. ಐವರಲ್ಲಿ ಚಿಕ್ಕವನು, ಅಪ್ಪನ ಲೇತ್ ಶಾಪು ನಡೆಸುವವನು, ಏನೇ ಆದರೂ ಮೊದಲು ನಕ್ಕುಬಿಡುವವನು. ‘ಅಲ್ಲ ಅಣ್ಣಾ, ಬಂಗಾರಪೇಟೆ ಎಲ್ಲೈತೆ ಅಂತ ದೆಲ್ಲಿಯೋರ್ಗೆ ಎಂಗೆ ಗೊತ್ತಾಯ್ತು? ಪಾನಿಪೂರಿ ತಿನ್ನಾಕೆ ಬಂದಿದ್ರಾ?’

ಸುಬ್ರಮಣಿ ಮಾತ್ರ ನಗಲಿಲ್ಲ. ಅವನು ಅಚ್ಚಿನ ಪೆಟ್ಟಿಗೆಯ ಮೇಲೆ ಕೂತಿದ್ದ. ಐದು ಕುರ್ಚಿ ಇದ್ದವು. ಐದನೆಯದರ ಮೇಲೆ ದೊಡ್ಡವೆಂಕಟಪ್ಪನ ಟವೆಲು, ಅದರ ಮೇಲೆ ಅವನ ಚೀಲ. ವೇಣುಗೋಪಾಲ್ ಬಂದಾಗ ನಾಲ್ಕನೆಯದು ಖಾಲಿ ಇತ್ತು. ಅದು ತನಗೆಂದು ಬಿಟ್ಟದ್ದು ಎಂದು ತಿಳಿದೂ ಅವನು ಕೂತ. ಚೀಲ ತೆಗೆಯಿರಿ ಎನ್ನಬಹುದಿತ್ತು. ಅಂಥ ದೊಡ್ಡ ಮಾತೇನಲ್ಲ. ಅಕ್ಕಯ್ಯಮ್ಮ ಟೀ ತಂದವಳು ಮೊದಲ ಲೋಟವನ್ನು ಪೆಟ್ಟಿಗೆಯ ಮೇಲೆ ಕೂತ ಸುಬ್ರಮಣಿಗೇ ಕೊಟ್ಟಳು. ವೇಣುಗೋಪಾಲನಿಗೆ ತಾನು ಮಾಡಬೇಕಾದ್ದನ್ನು ಇನ್ನೊಬ್ಬರು ಮಾಡಿದಂತೆ ಅನ್ನಿಸಿತು.

ಕೆಲಸ ಸರಳವಾಗಿತ್ತು. ಶುಕ್ರವಾರದೊಳಗೆ ಐವರೂ ಉತ್ತರ ಕೊಡಬೇಕು. ನಾವು ಒಬ್ಬರಿಗೊಬ್ಬರು ಮುಖಪರಿಚಯ ಮಾತ್ರ, ಟೆಂಡರಿನ ವಿಷಯ ಯಾವತ್ತೂ ಮಾತಾಡಿಲ್ಲ ಎಂದು ಐದು ಉತ್ತರ. ‘ನೀನೇ ಬರ್ದ್ಬಿಡು,’ ಎಂದ ದೊಡ್ಡವೆಂಕಟಪ್ಪ. ‘ಐದೂ ಬ್ಯಾರೆ ಬ್ಯಾರೆ ತರ ಇರ್ಲಿ. ಒಂದ್ರಾಗೆ ಕೋಪ, ಒಂದ್ರಾಗೆ ಅಳು, ಒಂದ್ರಾಗೆ ಲಾಯರ್ ಭಾಷೆ. ನಿಂಗೆ ಬತ್ತದೆ ಅದು.’

‘ಹೂಂ,’ ಎಂದ ವೇಣುಗೋಪಾಲ್. ತನಗೆ ಅದು ನಿಜವಾಗಿಯೂ ಬರುತ್ತದೆ ಎಂದು ಮನಸ್ಸು ಆಗಲೇ ಮೊದಲ ವಾಕ್ಯಗಳನ್ನು ಜೋಡಿಸತೊಡಗಿದ್ದು ಕಂಡು ಅವನಿಗೆ ಹೆದರಿಕೆಯಾಯಿತು.

‘ಅದಕ್ ಮುಂಚೆ ಒಂದ್ ಮಾತು ಇತ್ಯರ್ಥ ಆಗ್ಬೇಕು,’ ಎಂದು ದೊಡ್ಡವೆಂಕಟಪ್ಪ ಟೀ ಲೋಟ ಕೆಳಗಿಟ್ಟ. ‘ಯಾರೋ ಬಾಯಿ ಬಿಡ್ದೆ ದೆಲ್ಲಿವರ್ಗೂ ಓಗಾಕಿಲ್ಲ ಇದು. ಎರಡ್ ತಿಂಗ್ಳಿಂದೆ ಸುಬ್ರಮಣಿ ಅಕ್ಕನ ಮಗ ಕಾರ್ಖಾನೆ ಪರ್ಚೇಸ್‌ನಾಗೆ ಕೆಲ್ಸಕ್ ಸೇರ್ದ. ಈ ತಿಂಗ್ಳು ಕಾಗ್ದ ಬಂತು.’

‘ಎನ್ನಣ್ಣಾ ಇದು!’ ಸುಬ್ರಮಣಿ ತಮಿಳಿನಲ್ಲೇ ಶುರುಮಾಡಿ ಎದ್ದು ನಿಂತ. ‘ಅವನು ಅಲ್ಲಿ ಫೈಲ್ ಎತ್ತಿ ಇಡೋ ಕೆಲ್ಸ ಅಣ್ಣಾ, ಕಾಂಟ್ರಾಕ್ಟು. ಸತ್ಯಮಾ ನಾ ಯಾರತ್ರಾನೂ ಒಂದು ಮಾತು ಆಡಿಲ್ಲ. ನನ್ ಮಗಳ ಮೇಲೆ ಆಣೆ.’

‘ಮಗಳ ಮೇಲೆ ಆಣೆ ಆಕೋನು ಏನ್ ಬೇಕಾದ್ರೂ ಆಕ್ತಾನೆ.’

ಸುಬ್ರಮಣಿಯ ಮುಖದಲ್ಲಿ ಆಗ ಏನಾಯಿತು ಎಂಬುದನ್ನು ವೇಣುಗೋಪಾಲ್ ನೋಡಲಿಲ್ಲ. ಅವನು ಹುಣಿಸೆಹಣ್ಣಿನ ಗಂಟಿನ ಬಟ್ಟೆಯನ್ನು ನೋಡುತ್ತಿದ್ದ. ಹಳೆಯ ಸೀರೆಯ ತುಂಡು, ಹಸಿರು ಚುಕ್ಕಿ. ಟಕ್ ಎಂದು ಶಬ್ದವಾಯಿತು. ಸುಬ್ರಮಣಿ ತನ್ನ ಮೊಬೈಲನ್ನು ಮೇಜಿನ ಮೇಲೆ ಇಟ್ಟಿದ್ದ. ‘ನೋಡಿ. ಯಾರ್ಗ್ ಫೋನ್ ಮಾಡಿದೀನಿ, ಯಾರ್ಗ್ ಮೆಸೇಜ್ ಹಾಕಿದೀನಿ, ಎಲ್ಲಾ ಇದೆ. ಲಾಕ್ ಕೂಡ ಇಲ್ಲ. ನೋಡ್ಕೊಳ್ಳಿ.’

‘ವೇಣು, ನೋಡ್ಲಾ,’ ಎಂದ ದೊಡ್ಡವೆಂಕಟಪ್ಪ. ‘ನೀನ್ ಓದ್ದೋನು.’

ಅವನು ನೋಡಿದ. ಬೇಡ ಎನ್ನುವುದಕ್ಕೆ ಇದ್ದ ಎಲ್ಲ ಕಾರಣಗಳೂ ಅವನನ್ನೇ ಹಿಡಿದುಕೊಡುವಂಥವು ಎನ್ನಿಸಿ ಕೈ ತಾನಾಗಿ ಮುಂದೆ ಹೋಯಿತು. ಮೊಬೈಲ್ ಬೆಚ್ಚಗಿತ್ತು, ಸುಬ್ರಮಣಿಯ ಜೇಬಿನ ಬಿಸಿ. ಮೊದಲು ಕರೆಗಳು. ಅಕ್ಕ, ಸೌಂದರ್ಯಾ ಟ್ಯೂಷನ್, ಗ್ಯಾಸ್, ವೇಣು ಅಣ್ಣ, ವೇಣು ಅಣ್ಣ. ಫೋಟೋಗಳು: ಮಗಳ ಅಂಕಪಟ್ಟಿ ಎರಡು ಸಲ, ಒಂದರಲ್ಲಿ ಅವನ ಹೆಬ್ಬೆರಳು ಅಡ್ಡ ಬಂದಿದೆ. ಯಾರದೋ ಎಕ್ಸ್‌ರೇ. ಕನ್ನಡಿಯ ಮುಂದೆ ಹೊಸ ಅಂಗಿ ಹಾಕಿಕೊಂಡು ತಾನೇ ತೆಗೆದುಕೊಂಡ ಒಂದು ಚಿತ್ರ, ಐವತ್ತು ದಾಟಿದ ಗಂಡಸು ಯಾರಿಗೂ ತೋರಿಸದ ಬಗೆಯ ನಗು. ಇಮೇಲ್ ತೆರೆದ. ಮೂರು ವರ್ಷದಿಂದ ತೆರೆಯದ ಜಾಹೀರಾತುಗಳು. ಕಳಿಸಿದ್ದರಲ್ಲಿ ಏನೂ ಇರಲಿಲ್ಲ. ಅಳಿಸಿದ್ದರಲ್ಲಿ? ಅಳಿಸಿದ್ದನ್ನೂ ತೆರೆದ. ಅಷ್ಟು ದೂರ ಹುಡುಕೆಂದು ಯಾರೂ ಹೇಳಿರಲಿಲ್ಲ. ಅಲ್ಲಿ ಏನಾದರೂ ಸಿಗಲಿ ಎಂದು ತನ್ನ ಬೆರಳುಗಳು ಆಸೆಪಡುತ್ತಿವೆ ಎಂಬುದು ಅವನಿಗೆ ತಿಳಿಯಿತು. ಆಗಲೇ ಪ್ಯಾಂಟಿನ ಜೇಬಿನಲ್ಲಿ ಅವನ ಸ್ವಂತ ಮೊಬೈಲ್ ಒಮ್ಮೆ ಅದುರಿತು.

‘ಏನೂ ಇಲ್ಲ,’ ಎಂದು ಮೊಬೈಲನ್ನು ಮೇಜಿನ ಮೇಲಿಟ್ಟು, ‘ಕೈ ತೊಳ್ಕೊಂಡು ಬರ್ತೀನಿ,’ ಎಂದು ಎದ್ದ.

‘ಫೋನ್ ಮುಟ್ಟಿದ್ಕೆ ಕೈ ತೊಳಿತಾವ್ನೆ!’ ಎಂದು ಮುನೇಶ್ ನಕ್ಕ. ಸುಬ್ರಮಣಿ ತಲೆ ತಗ್ಗಿಸಿದ. ಅಯ್ಯೋ, ಹಾಗಲ್ಲ ಎಂದು ವೇಣುಗೋಪಾಲ್ ಹೇಳಬೇಕೆಂದುಕೊಂಡ. ಅಷ್ಟು ಹೊತ್ತಿಗೆ ಬಾಗಿಲು ದಾಟಿದ್ದ.

ಹಿತ್ತಲಿನ ನಲ್ಲಿಯ ಹತ್ತಿರ, ಒಡೆದ ಅಚ್ಚುಗಳ ರಾಶಿಯ ಪಕ್ಕ, ನಿಂತು ದೆಹಲಿಯ ಉತ್ತರ ಓದಿದ. ನಾಲ್ಕೇ ಸಾಲು. ಅವನ ಅರ್ಜಿಗೆ ಎರಡನೆಯ ಆದ್ಯತೆಯ ಸ್ಥಾನ ಕೊಡಲಾಗಿದೆ. ಹದಿನೈದು ದಿನದೊಳಗೆ ಪೂರ್ತಿ ದಾಖಲೆಗಳನ್ನು ಸಲ್ಲಿಸಬೇಕು. ವಿಷಯವನ್ನು ಗೋಪ್ಯವಾಗಿ ಇಟ್ಟುಕೊಳ್ಳಬೇಕು. ಎರಡನೆಯ ಎಂಬ ಶಬ್ದವನ್ನು ಅವನು ಮತ್ತೆ ಮತ್ತೆ ಓದಿದ. ಮೊದಲು ಬಂದದ್ದು ಭಯವಲ್ಲ. ಸಿಟ್ಟು. ಟೆಂಡರ್ ಸೋತವನ ಸಿಟ್ಟು. ಹನ್ನೊಂದು ವರ್ಷ ಗೆಲ್ಲುವುದೂ ಸೋಲುವುದೂ ಮೊದಲೇ ಗೊತ್ತಿರುತ್ತಿದ್ದರಿಂದ ಮರೆತೇಹೋಗಿದ್ದ ಆ ಹಳೆಯ ಉರಿ. ನನಗಿಂತ ಕಡಿಮೆಗೆ ಹಾಕಿದವನು ಯಾರು? ಆಮೇಲೆ ಅದು ಹೊಳೆಯಿತು. ಎರಡನೆಯವನು ಇದ್ದಾನೆ ಎಂದರೆ ಮೊದಲನೆಯವನು ಇದ್ದಾನೆ. ಒಳಗೆ ಕೂತ ನಾಲ್ವರಲ್ಲಿ ಒಬ್ಬರು.

ಅವನು ನಲ್ಲಿ ತಿರುಗಿಸಿ ನೀರನ್ನು ಸುಮ್ಮನೆ ಬಿಟ್ಟ. ಕಾಲೇಜಿನಲ್ಲಿ ಗೊತ್ತಿಲ್ಲದ ಲವಣವನ್ನು ಕೊಟ್ಟು ಯಾವುದೆಂದು ಕಂಡುಹಿಡಿಯಿರಿ ಎನ್ನುತ್ತಿದ್ದರು. ಒಂದೊಂದೇ ದ್ರಾವಣ ಹಾಕಿ, ಇದಲ್ಲ, ಇದಲ್ಲ ಎಂದು ತೆಗೆಯುತ್ತ ಹೋಗಬೇಕು. ಸುಬ್ರಮಣಿ? ಅಷ್ಟು ಧೈರ್ಯವಾಗಿ ಮೊಬೈಲ್ ಕೊಟ್ಟದ್ದು ಏನೂ ಇಲ್ಲವೆಂದೋ, ಬೇರೆಯವರ ಕೈಯಿಂದ ಕಳಿಸಿದ್ದರಿಂದಲೋ? ದೊಡ್ಡವೆಂಕಟಪ್ಪ? ಅಷ್ಟು ಜೋರಾಗಿ ಇನ್ನೊಬ್ಬನ ಮೇಲೆ ಹಾಕುವವನು ಏಕೆ ಹಾಕುತ್ತಾನೆ? ಮುನೇಶ್ ಎಲ್ಲದಕ್ಕೂ ನಗುತ್ತಾನೆ, ನಗುವುದರ ಹಿಂದೆ ಏನಿದೆ ಎಂದು ಯಾವತ್ತು ನೋಡಿದ್ದೇನೆ? ಅಕ್ಕಯ್ಯಮ್ಮ, ಇಲ್ಲ. ಎಲ್ಲ ನಳಿಕೆಯಲ್ಲೂ ದ್ರಾವಣ ತಿಳಿಯಾಗಿಯೇ ಉಳಿಯಿತು. ಅಥವಾ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕದಡಿದಂತೆ ಇತ್ತು, ಅವನ ಕಣ್ಣೇ ಕದಡಿದ್ದರಿಂದ. ಸುಬ್ರಮಣಿಯೇ ಇರಲಿ ಎಂದು ಅವನು ಬಯಸಿದ. ಅವನೇ ಆದರೆ ಅವನ ಮೊಬೈಲ್ ಜಾಲಾಡಿದ್ದು ತಪ್ಪಾಗುವುದಿಲ್ಲ, ಡ್ರಿಲ್ಲಿಂಗ್ ಮಿಷನ್ನಿನದೂ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಹೀಗೆ ಬಯಸುತ್ತಿರುವವನು ತಾನೇ ಎಂಬುದು ತುಸು ತಡವಾಗಿ ಗೊತ್ತಾಯಿತು. ಅವನು ನಲ್ಲಿ ನಿಲ್ಲಿಸಿದ.

ಒಳಗೆ ಬರುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ‘ಐದು ಬ್ಯಾಡ,’ ಎನ್ನುತ್ತಿದ್ದ ದೊಡ್ಡವೆಂಕಟಪ್ಪ. ‘ನಾಕು ಬರಿ. ಐದೂ ಟೆಂಡರ್ ತುಂಬ್ಸಿದ್ದು ಸುಬ್ರಮಣಿ, ನಮ್ಗೆ ಕಂಪ್ಯೂಟರ್ ಬರಾಕಿಲ್ಲ, ನಂಬಿ ಪಾಸ್‌ವರ್ಡ್ ಕೊಟ್ಟಿದ್ವಿ, ಅಂತ ಬರಿ. ಇನ್ಮ್ಯಾಕೆ ಸರದಿಗೂ ಅವ್ನು ಬ್ಯಾಡ.’

‘ಅಣ್ಣಾ, ನಂಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ,’ ಎಂದ ಸುಬ್ರಮಣಿ. ದನಿ ಏರಿರಲಿಲ್ಲ. ‘ನಿಮ್ಗೆ ಗೊತ್ತಲ್ಲ.’

‘ದೆಲ್ಲಿಗ್ ಗೊತ್ತಿಲ್ಲ.’

ಸುಬ್ರಮಣಿ ವೇಣುಗೋಪಾಲನ ಕಡೆ ತಿರುಗಿದ. ಬರೀ ತಿರುಗಿದ, ಕೆಟ್ಟುನಿಂತ ಮಿಷನ್ನಿನ ಮುಂದೆ ನಿಂತು ಮೆಕ್ಯಾನಿಕ್ಕಿನ ಮುಖ ನೋಡುವವರ ಹಾಗೆ. ಹನ್ನೊಂದು ವರ್ಷ ಐದು ಟೆಂಡರ್ ತುಂಬಿದವನು ಯಾರು ಎಂದು ಆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಸುಬ್ರಮಣಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

‘ತೂಕ ನಂದು,’ ಎಂದ ವೇಣುಗೋಪಾಲ್.

‘ಏನು?’

‘ಬೀಡಿಗೆ ಉಕ್ಕಿನ ಲೆಕ್ಕ ಹಾಕ್ಬಿಟ್ಟೆ. ಹದಿನಾಲ್ಕು ಪಾಯಿಂಟ್ ನಾಲ್ಕು ಬರ್ಬೇಕಿತ್ತು. ಹದಿನೈದು ಪಾಯಿಂಟ್ ಏಳು ಅಂತ ಐದ್ರಲ್ಲೂ ಬರ್ದೆ. ಅವರು ಹಿಡಿದಿರೋದು ಅದನ್ನ. ಯಾರೂ ಹೇಳ್ಕೊಟ್ಟಿಲ್ಲ ಅಣ್ಣ. ನನ್ನ ತಪ್ಪು.’

ಹೇಳಿದ ಮೇಲೆ ಹಗುರಾಗುತ್ತದೆ ಎಂದು ಅವನು ನಂಬಿದ್ದ. ದೊಡ್ಡವೆಂಕಟಪ್ಪ ಅವನನ್ನು ಕನಿಕರದಿಂದ ನೋಡಿದ. ‘ಲೇ, ಒಳ್ಳೇತನಕ್ಕೂ ಒಂದ್ ಲೆಕ್ಕ ಇರ್ಬೇಕು ಕಣ್ಲಾ. ಅವ್ನನ್ನ ಉಳ್ಸಾಕೆ ನಿನ್ ತಲೆ ಮ್ಯಾಲೆ ಆಕ್ಕೊಂತೀಯಾ? ಒಂದೂಕಾಲು ಕೇಜಿ ಎಚ್ಚುಕಮ್ಮಿಗೆ ದೆಲ್ಲಿಯೋರು ಎದ್ದು ಕುಂತ್ಕೊಂತಾರಾ?’

‘ಒಂದು ಪಾ... ಪಾಯಿಂಟ್ ಮೂರು ಕೇಜಿ,’ ಎಂದು ತಿದ್ದಿದ. ಬಾಯಿ ತಡವರಿಸಿತು. ಮುನೇಶ್ ಮತ್ತೆ ನಕ್ಕ. ಅವರು ತನ್ನನ್ನು ನಂಬುವುದಿಲ್ಲ. ಸತ್ಯವನ್ನು ಕೊಟ್ಟರೂ ಅದು ಅವರ ಕೈಗೆ ದೊಡ್ಡ ಮನಸ್ಸಾಗಿ ಸಿಗುತ್ತದೆ. ಹೀಗೆಯೇ ಬಿಟ್ಟರೆ ಅವನು ಒಳ್ಳೆಯವನಾಗಿಯೇ ಉಳಿಯುತ್ತಾನೆ, ಸುಬ್ರಮಣಿ ಕಳ್ಳನಾಗಿ, ಮತ್ತು ನಾಲ್ಕು ಉತ್ತರಗಳನ್ನು ಬರೆಯುವವನು ಮತ್ತೆ ಅವನೇ. ಹೇಳುವುದಕ್ಕೆ ಇನ್ನೊಂದು ವಾಕ್ಯ ಇತ್ತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಏನು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು, ಆ ಪ್ರಶ್ನೆಗೆ ಒಂದೇ ಒಂದು ಉತ್ತರ ಇರುವುದೂ ಗೊತ್ತಿತ್ತು. ಸುಬ್ರಮಣಿಯೇ ಆ ಮೊದಲನೆಯವನಾಗಿದ್ದರೆ? ಆಗಿದ್ದರೆ ಆಗಲಿ. ಆಗಿರದಿದ್ದರೆ? ಎರಡನ್ನೂ ತೂಗುವುದಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಧೈರ್ಯ ಬಂದು ಹೇಳಿದನೋ, ಮೊದಲನೆಯವನ ಮೇಲಿನ ಸಿಟ್ಟಿಗೆ ಹೇಳಿದನೋ, ಬರೆಯುವುದಕ್ಕೆ ಬೇಸತ್ತು ಹೇಳಿದನೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಬಗೆಹರಿಯಲಿಲ್ಲ.

‘ಯಾರ ಉತ್ತರಾನೂ ಬರೆದು ಪ್ರಯೋಜನ ಇಲ್ಲ,’ ಎಂದ. ‘ನಮ್ಮಲ್ಲಿ ಒಬ್ಬರು ಆಗಲೇ ದೆಹಲಿಗೆ ಎಲ್ಲಾ ಬರೆದು ಕೊಟ್ಟಾಗಿದೆ. ಈ ಕಾಗದ ಬಂದ ಮೇಲೆ. ನಾವು ಇಲ್ಲಿ ಕೂತ್ಕೊಳ್ಳೋ ಮುಂಚೆ.’

‘ನಿಂಗೆಂಗ್ಲಾ ಗೊತ್ತು?’ ಎಂದ ದೊಡ್ಡವೆಂಕಟಪ್ಪ. ‘ಅಣ್ಣಾ, ನಿಮ್ಗೆ ಎಂಗೆ ಗೊತ್ತಾಯ್ತು?’ ಎಂದ ಮುನೇಶ್, ಈ ಸಲ ನಗದೆ. ಸುಬ್ರಮಣಿಯೂ ಪೆಟ್ಟಿಗೆಯ ಹತ್ತಿರದಿಂದ ಒಂದು ಹೆಜ್ಜೆ ಮುಂದೆ ಬಂದು, ಅದನ್ನೇ, ತಮಿಳಿನಲ್ಲಿ, ಬಹಳ ಮೆಲ್ಲಗೆ ಕೇಳಿದ. ಮೂವರ ಕಣ್ಣಲ್ಲೂ ಗೊತ್ತಿಲ್ಲದವರ ಬೆರಗು ಒಂದೇ ಬಗೆಯದಾಗಿತ್ತು. ಅದನ್ನು ಯಾರೂ ಯಾರಿಗೂ ಬರೆದುಕೊಟ್ಟಿರಲಿಲ್ಲ.

ಅಕ್ಕಯ್ಯಮ್ಮ ಕೇಳಲಿಲ್ಲ. ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದವಳು ಕೈ ನಿಲ್ಲಿಸಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ, ಮನೆಯವರಿಗೆ ಹೇಳದೆ ಬಂದ ಇಬ್ಬರು ಒಂದೇ ಊರಿನವರು ಎದುರಾದಾಗ ನೋಡಿಕೊಳ್ಳುವ ಹಾಗೆ ನೋಡಿದಳು.

‘ನೀನ್ ಯಾವತ್ತು ಕಳಿಸ್ದೆ, ವೇಣು?’ ಎಂದಳು.